ಹದಿನಾಲ್ಕನೇ ಹೆಗ್ಗುರುತು

ಫ್ಯಾನಿನ ರೆಕ್ಕೆಗಳ ನೆರಳು ಕಾಗದದ ಮೇಲೆ ಸುತ್ತುತ್ತಿದೆ, ಒಮ್ಮೆ ಸಾಲು ಮಂಕಾಗುತ್ತದೆ, ಒಮ್ಮೆ ಬೆಳಗುತ್ತದೆ, ಬೆಳಗಿದಾಗೆಲ್ಲ ಆ ಆರು ಅಂಕಿಗಳು ಅಲ್ಲೇ ಕೂತಿವೆ — ಐದು ಒಂದು ಐದು, ಮೂರು ಸೊನ್ನೆ ಒಂದು — ಅಂಬಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ನೋಡಿದಳು, ಅಲ್ಲೇ ಇವೆ, ಎಂಟು ತಿಂಗಳಾಯಿತು, ಇದನ್ನು ತಿದ್ದಿ ಅಂತ ನಾಲ್ಕು ಅರ್ಜಿ ಬರೆದಳು, ನಾಲ್ಕನ್ನೂ ರಿಜಿಸ್ಟರ್ ಮಾಡಿ ಕಳಿಸಿದಳು, ನಾಲ್ಕಕ್ಕೂ ಮೊಬೈಲಿಗೆ ಉತ್ತರ ಬಂತು, ನಿಮ್ಮ ದೂರು ಪರಿಹಾರವಾಗಿದೆ ಧನ್ಯವಾದಗಳು ಅಂತ, ಪರಿಹಾರವಾದ ಚಂದ ನೋಡು — ಕ್ರಮಸಂಖ್ಯೆ ಹದಿನಾಲ್ಕು, ಉಪ ಆರೋಗ್ಯ ಕೇಂದ್ರ, ಬಿಳಿಗಲ್ಲಹಟ್ಟಿ, ಪಿನ್ 515301 — ಮಡಕಶಿರಾದ ಪಿನ್ನು, ರಾಯದುರ್ಗದಲ್ಲಿ ನಡೆಯುವ ಸಭೆಯಲ್ಲಿ, ರಾಯದುರ್ಗದ ಪಟ್ಟಿಯೊಳಗೆ, ಯಾರದೋ ಮನೆಯ ಊಟದ ಸಾಲಿನಲ್ಲಿ ನಾಚಿಕೆಯಿಲ್ಲದೆ ಬಂದು ಕೂತವನ ಹಾಗೆ ಕೂತಿದೆ. ಎದುರಿನ ಪರದೆಯ ಮೇಲೆ ಕೋಟೆಯ ಫೋಟೋ ಬಂತು, ಆಮೇಲೆ ಭೈರವಾನಿತಿಪ್ಪದ ಡ್ಯಾಮು, ಆಮೇಲೆ ಕಾಲೇಜು, ಗುಡಿ, ದರ್ಗಾ, ಗಣಿ ಕಂಪನಿಯೊಂದರ ಗೆಸ್ಟ್‌ಹೌಸು, ಅದಕ್ಕೂ ಒಂದು ಪಿನ್ನು, ಒಂದು ಹೊಳೆಯುವ ಫಲಕ, ಮೈಕು ಹಿಡಿದಿರುವವನು ಚಂದ್ರಮೋಹನ್, ಪಟ್ಟಿ ಮಾಡುವ ಗುತ್ತಿಗೆ ಹಿಡಿದ ಏಜೆನ್ಸಿಯ ಸೂಪರ್‌ವೈಸರು, ಅನಂತಪುರದಿಂದ ಕಾರಿನಲ್ಲಿ ಬಂದವನು, ದೇಶದ ಪ್ರತಿಯೊಂದು ಹೆಗ್ಗುರುತಿಗೂ ಒಂದು ಸರಿಯಾದ ಪಿನ್ನು ಅನ್ನುತ್ತಾನೆ, ಇನ್ನು ಮುಂದೆ ಈ ದೇಶದಲ್ಲಿ ಯಾರೂ ದಾರಿ ತಪ್ಪುವುದಿಲ್ಲ ಅನ್ನುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ, ಚಪ್ಪಾಳೆ ತಟ್ಟುವ ಒಂದೊಂದು ಕೈಯನ್ನೂ ಹಿಡಿದು ತಿರುವಬೇಕು ಅನ್ನಿಸಿ ಅವಳ ಹಲ್ಲು ಹಲ್ಲಿಗೆ ಕಚ್ಚಿಕೊಂಡಿತು.

ದಾರಿ ತಪ್ಪುವುದು ಅಂದರೆ ಏನು ಅಂತ ಇವನಿಗೇನು ಗೊತ್ತು, ಅಂಬಮ್ಮನಿಗೆ ಗೊತ್ತು, ಹತ್ತೊಂಬತ್ತು ವರ್ಷದಿಂದ ಬಿಳಿಗಲ್ಲಹಟ್ಟಿಯ ಬ್ರಾಂಚ್ ಪೋಸ್ಟ್‌ಮಾಸ್ಟರ್ ಅವಳು, ಊರವರ ಬಾಯಲ್ಲಿ ಟಪಾಲು ಅಂಬಮ್ಮ, ಚೀಲ ಸುರುವಿದರೆ ಕಾಗದ ಮುಟ್ಟುವ ಮೊದಲೇ ಕಣ್ಣು ಆರು ಅಂಕಿಯ ಮೇಲೆ ಹೋಗಿ ನಿಲ್ಲುತ್ತದೆ, ಮೊದಲಿನ ಮೂರು ಬಿಡು, ಐನೂರ ಹದಿನೈದು ಇಡೀ ಜಿಲ್ಲೆಗೆಲ್ಲ ಒಂದೇ, ಆಗ ಒಂದೇ ಜಿಲ್ಲೆ ಇತ್ತು, ಈಗ ಎರಡು ಮಾಡಿದ್ದಾರೆ, ಪಿನ್ನು ಮಾತ್ರ ಹಳೆಯ ಹಾಗೇ ಇದೆ, ನೋಡಬೇಕಾದ್ದು ಕೊನೆಯ ಮೂರು, ರಾಯದುರ್ಗಕ್ಕೆ 865, ಮಡಕಶಿರಾಕ್ಕೆ 301, ಯಾಕೆಂದರೆ ಬಿಳಿಗಲ್ಲಹಟ್ಟಿಗಳು ಎರಡು, ಒಂದು ಇವಳದು, ಬೆಳುಗುಪ್ಪದ ದಾರಿಯಲ್ಲಿ ಎಡಕ್ಕೆ ಹೊರಳಿದರೆ ಸಿಗುವ ಇನ್ನೂರು ಮನೆಯ ಊರು, ಇನ್ನೊಂದು ಮಡಕಶಿರಾದ ಆಚೆ, ಅರ್ಧ ದಿನದ ಬಸ್ಸಿನ ದಾರಿ, ತಿಂಗಳಿಗೆ ಎರಡಾದರೂ ಅವರ ಕಾಗದ ಇವಳ ಚೀಲದಲ್ಲಿ ಬಂದು ಬೀಳುತ್ತವೆ, ಅವರ ಯಾವಳೋ ಮಗಳ ಲಗ್ನಪತ್ರಿಕೆ, ಯಾವನದೋ ಬ್ಯಾಂಕಿನ ಪಾಸ್‌ಬುಕ್ಕು, ಇವಳು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿ, ಮೇಲೆ 515301 ಅಂತ ಗುಂಡಗೆ ಬರೆದು, ವಾಪಸು ಕಳಿಸುತ್ತಾಳೆ, ಇನ್ನೊಂದು ಬಿಳಿಗಲ್ಲಹಟ್ಟಿ ಇದೆ ಅಂತ ಊರಲ್ಲಿ ಗೊತ್ತಿದ್ದವಳು ಅವಳೊಬ್ಬಳೇ, ಅವಳೊಬ್ಬಳೇ — ಆ ಮಾತಿಗೆ ಬಂದಾಗ ಮನಸ್ಸು ಬಿಸಿ ಹೆಂಚು ಮುಟ್ಟಿದ ಬೆರಳಿನಂತೆ ಹಿಂದಕ್ಕೆ ಹೋಗುತ್ತದೆ, ಬೇಡ, ಈಗ ಬೇಡ, ಈಗ ಚಂದ್ರಮೋಹನನ್ನು ನೋಡು, ಇಸ್ತ್ರಿ ಮಾಡಿದ ಅಂಗಿ ನೋಡು, ಬೆರಳಿನ ಉಂಗುರ ನೋಡು, ಬೈಯಲಿಕ್ಕೆ ಅವನೇ ಇದ್ದಾನಲ್ಲ.

ಎಂಟು ತಿಂಗಳ ಹಿಂದೆ, ಆಷಾಢದ ಗಾಳಿ ಅವತ್ತು, ಧೂಳು, ಬೆಳಗಿನ ಹತ್ತು ಗಂಟೆ, ರಂಗಕ್ಕ ಕುರಿರೊಪ್ಪದಲ್ಲಿ ಮರಿಗಳನ್ನು ಬಿಡಿಸುತ್ತಿದ್ದಳು, ಅಂಬಮ್ಮನ ಸ್ವಂತ ಅಕ್ಕ, ಐದು ವರ್ಷಕ್ಕೆ ದೊಡ್ಡವಳು, ಕುರಿಸಂತೆಯಲ್ಲಿ ತೆಲುಗಿನವನಿಗೆ ತೆಲುಗಿನಲ್ಲಿ, ಕನ್ನಡದವನಿಗೆ ಕನ್ನಡದಲ್ಲಿ, ಇಬ್ಬರೂ ಒಟ್ಟಿಗೆ ಬಂದರೆ ಎರಡನ್ನೂ ಕಲಸಿ ಬಾಯಿ ಮುಚ್ಚಿಸುವವಳು, ಅವಳ ಮಾತಿಗೆ ಹೆದರಿ ದಲ್ಲಾಳಿಗಳು ಬೇರೆ ಸಾಲಿಗೆ ಹೋಗಿ ನಿಲ್ಲುತ್ತಿದ್ದರು, ಅಂಥವಳು ಏ ಅಂಬಿ, ಏ ಅಂಬಿ, ಕೈ ಯಾಕ ಹಿಂಗಾತು ನೋಡ ಅಂದಳು, ನೋಡುವಷ್ಟರಲ್ಲಿ ಬಾಯಿ ಒಂದು ಕಡೆಗೆ ಜಾರಿತ್ತು, ಹಗ್ಗ ಕೈಯಿಂದ ಬಿದ್ದಿತ್ತು, ಅಂಬಮ್ಮ ಫೋನು ಹಚ್ಚಿದಳು, ಯಾವ ಊರಿನ ಯಾವ ಆಫೀಸಿನಲ್ಲೋ ಕೂತ ಹುಡುಗಿ ತೆಲುಗಿನಲ್ಲಿ, ಲ್ಯಾಂಡ್‌ಮಾರ್ಕ್ ಚೆಪ್ಪಂಡಿ ಅಮ್ಮಾ, ಹೆಗ್ಗುರುತು ಹೇಳಿ ಅಂತ, ಇವಳು ಬಿಳಿಗಲ್ಲಹಟ್ಟಿ ಆರೋಗ್ಯ ಕೇಂದ್ರ ಅಂದಳು, ಆ ಕಡೆ ಕೀಲಿಮಣೆಯ ಟಕಟಕ, ಇದೇ ಪಟ್ಟಿ ಅಲ್ಲಿ ತೆರೆದಿತ್ತು, ದೊರಿಕಿಂದಿ, ಸಿಕ್ಕಿತು ಅಮ್ಮಾ, ಬಂಡಿ ಬಯಲುದೇರಿಂದಿ, ಗಾಡಿ ಹೊರಟಿತು, ಇವಳು ರಾಯದುರ್ಗದ ಅನ್ನುವಷ್ಟರಲ್ಲಿ ಫೋನು ಕಟ್ಟಾಗಿತ್ತು, ಹೊರಟಿತಲ್ಲ, ಸಾಕು, ರಂಗಕ್ಕನನ್ನು ಮಂಚದ ಮೇಲೆ ಹೊತ್ತು ಆರೋಗ್ಯ ಕೇಂದ್ರದ ಮುಂದಿನ ಕಟ್ಟೆಗೆ ತಂದರು, ಮಗ ತಿರುಪತಿ ತಾಯಿಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತ, ನರ್ಸಮ್ಮ ಬಿ.ಪಿ. ನೋಡಿದಳು, ಗಾಡಿ ಬರ್ತದ, ಐದು ನಿಮಿಷ, ಗಾಡಿ ಬರ್ತದ, ತಿರುಪತಿ ಪಕ್ಕದ ಓಣಿಯ ಗೂಡ್ಸ್ ಆಟೋ ತರಲೇನು ಸಣ್ಣವ್ವ ಅಂದ, ಬ್ಯಾಡ ತಮ್ಮಾ, ಅದರಾಗ ಆಕ್ಸಿಜನ್ ಇರಾಂಗಿಲ್ಲ, ಆಂಬುಲೆನ್ಸ್ ಹೊಂಟೈತಿ — ಹಾಗಂದವಳೂ ಅವಳೇ.

ಫೋನು ಬಂದಾಗ ಹತ್ತು ನಲವತ್ತು, ಅಕ್ಕ, ನಾನು ಹನುಮೇಶ್ ಅಂತ, ಆಂಬುಲೆನ್ಸ್ ಡ್ರೈವರು, ಆಸ್ಪತ್ರೆ ಮುಂದೆ ನಿಂತ್ಕಂಡಿವ್ನಿ, ಪೇಶೆಂಟ್ ಎಲ್ಲವ್ರೆ — ಎಲ್ಲಿ ನಿಂತೀಯಪ್ಪ, ನಾವೂ ಆಸ್ಪತ್ರಿ ಮುಂದ ಅದೀವಿ, ನಿನ್ನ ಗಾಡಿ ಕಾಣವಲ್ದು — ಇಲ್ಲೇ ಕಣಕ್ಕ, ಎದುರಿಗೆ ಇಸ್ಕೂಲು ಐತೆ, ಅದರ ಪಕ್ಕದಾಗೆ ಆಂಜನೇಯನ ಗುಡಿ ಐತೆ — ನಮಗೂ ಸ್ಕೂಲು ಐತಿ, ನಮಗೂ ಹನುಮಪ್ಪನ ಗುಡಿ ಐತಿ, ಕುಡದು ಬಂದೀಯೇನ್ ಮುಂಜಾನೆ ಮುಂಜಾನೆ — ಬೈಬ್ಯಾಡಿ ಕಣಕ್ಕ, ಸೈರನ್ ಹಾಕ್ತೀನಿ, ಕೇಳುಸ್ತೈತಾ ನೋಡಿ, ಅಂದ, ಹಾಕಿದ, ಸೈರನ್ ಫೋನಿನಿಂದ ಅವಳ ಬಲಗಿವಿಯೊಳಗೆ ಕೂಗುತ್ತಿತ್ತು, ಎಡಗಿವಿಯಲ್ಲಿ ಕುರಿಮರಿಗಳ ಅರಚಾಟ ಬಿಟ್ಟರೆ ಬೇರೇನೂ ಇಲ್ಲ, ಊರ ಗಾಳಿಯಲ್ಲಿ ಸೈರನ್ನು ಇಲ್ಲ, ಆದರೂ ಒಪ್ಪಲಿಲ್ಲ, ಬೈದಳು, ಮುಖ ತೊಳಕಂಡು ನೋಡು ಅಂದಳು, ನಿನ್ನ ಕೆಲಸ ತಗಸ್ತೀನಿ ಅಂದಳು, ಅವನು ಫೋನು ಇಡಲಿಲ್ಲ, ಅಕ್ಕ ಇಡಬ್ಯಾಡಿ, ಅಕ್ಕ ಇನ್ನೊಂದ್ ದಪ ಹೇಳಿ, ಯಾವ ತಾಲ್ಲೂಕು ಹೇಳಿ, ಹನ್ನೊಂದು ನಿಮಿಷ, ಫೋನಿನಲ್ಲಿ ಇನ್ನೂ ಇದೆ ಲೆಕ್ಕ, ಹನ್ನೊಂದು ನಿಮಿಷ ಹನ್ನೆರಡು ಸೆಕೆಂಡು, ಅವನ ಮೊದಲನೇ ಮಾತಿಗೇ ಅವಳಿಗೆ ತಿಳಿದಿತ್ತಲ್ಲ, ನಿಂತ್ಕಂಡಿವ್ನಿ ಅಂತ ರಾಯದುರ್ಗದ ಸೀಮೆಯಲ್ಲಿ ಯಾರು ಅನ್ನುತ್ತಾರೆ, ಕಣಕ್ಕ ಅಂತ ಯಾರು ಕರೆಯುತ್ತಾರೆ, ಕಿವಿಗೆ ತಿಳಿದಿತ್ತು, ಹೊಟ್ಟೆಗೆ ತಿಳಿದಿತ್ತು, ತಿಳಿದದ್ದನ್ನು ಒಪ್ಪಿದರೆ ಇನ್ನೊಂದನ್ನೂ ಒಪ್ಪಬೇಕಲ್ಲ ಅಂತ ಬೈಯುತ್ತಲೇ ಇದ್ದಳು. ಕಡೆಗೆ ಗೂಡ್ಸ್ ಆಟೋನೇ ಬಂತು, ಅದರಲ್ಲಿ ಹತ್ತಿ ಹಾಸಿಗೆ, ರಾಯದುರ್ಗದಲ್ಲಿ ಸ್ಕ್ಯಾನ್ ಇಲ್ಲ, ಬಳ್ಳಾರಿಗೆ ಒಯ್ಯಿರಿ ಅಂದರು, ಒಯ್ದರು, ಬಳ್ಳಾರಿಯ ಡಾಕ್ಟರು ಸಣ್ಣ ವಯಸ್ಸಿನವರು, ಒಳ್ಳೆಯವರು, ಶುರುವಾಗಿದ್ದು ಎಷ್ಟೊತ್ತಿಗೆ ಅಂತ ಎರಡು ಸಲ ಕೇಳಿದರು, ಗಡಿಯಾರ ನೋಡಿದರು, ನಾಲ್ಕೂವರೆ ತಾಸಿನೊಳಗೆ ಬಂದಿದ್ರೆ ಒಂದು ಇಂಜೆಕ್ಷನ್ ಇತ್ತಮ್ಮ, ಹತ್ತು ನಿಮಿಷ ದಾಟಿದೆ, ಈಗ ಕೊಟ್ಟರೆ ಅಪಾಯ — ಹತ್ತು ನಿಮಿಷ, ಬೈದದ್ದು ಹನ್ನೊಂದು.

ರಂಗಕ್ಕ ಬದುಕಿದ್ದಾಳೆ, ಬದುಕಿದ್ದಾಳೆ ಅಂತಲೇ ಎಲ್ಲರೂ ಹೇಳಿದ್ದು, ಪುಣ್ಯ ಮಾಡೀರಿ ಅಂದರು, ಬಲಗೈ ಮಡಿಲಲ್ಲಿ ಯಾರದೋ ಕೈಯಂತೆ ಬಿದ್ದಿರುತ್ತದೆ, ಎರಡು ಭಾಷೆಯ ಮಾತೆಲ್ಲ ಹೋಗಿ ಒಂದು ಮಾತು ಉಳಿದಿದೆ, ಟಗರು, ನೀರು ಬೇಕಾದರೂ ಟಗರು, ಬಿಸಿಲಿಗೆ ಸರಿಸು ಅನ್ನಲಿಕ್ಕೂ ಟಗರು, ಮೊನ್ನೆ ಎದುರುಮನೆಯ ಕದರಮ್ಮ ಬಂದು ಮಾತಾಡಿಸಿದಾಗ ಏನೋ ದೊಡ್ಡದನ್ನು ಹೇಳಲಿಕ್ಕೆ ಹೊರಟು ಟಗರು ಟಗರು ಟಗರು ಅಂತ ಅಂದು ಅಂದು, ಕದರಮ್ಮನ ಮೊಮ್ಮಕ್ಕಳು ನಕ್ಕವು, ರಂಗಕ್ಕ ಸುಮ್ಮನಾದಳು, ಆ ಸುಮ್ಮನಾದ ಮುಖ ನೋಡಿ ಅಂಬಮ್ಮ ಹಿತ್ತಲಿಗೆ ಹೋಗಿ ಒರಳುಕಲ್ಲಿಗೆ ಕೈ ಗುದ್ದಿಕೊಂಡಳು. ತಿರುಪತಿ ಅಂತೂ ಆ ಡ್ರೈವರನ್ನು ಬಿಡಾಂಗಿಲ್ಲ ಸಣ್ಣವ್ವ, ಅವನ ಕಾಲು ಮುರದಽ ಬರ್ತೀನಿ ಅಂತ ದಿನಾ ಕುದಿಯುತ್ತಿದ್ದ, ಬ್ಯಾಡ ಅನ್ನಬಹುದಿತ್ತು, ಅವನ ತಪ್ಪಲ್ಲಪ್ಪ ಅನ್ನಬಹುದಿತ್ತು, ಅನ್ನಲಿಲ್ಲ, ನಡಿ, ನಾನೂ ಬರ್ತೀನಿ ಅಂದಳು, ದೀಪಾವಳಿ ಕಳೆದ ಮೇಲೆ ಇಬ್ಬರೂ ಮೂರು ಬಸ್ಸು ಬದಲಾಯಿಸಿ ಮಡಕಶಿರಾಕ್ಕೆ ಹೋದರು, ಹನುಮೇಶ್ ಇಪ್ಪತ್ತೆಂಟು ಮೂವತ್ತರ ತೆಳ್ಳನೆಯ ಆಳು, ಮೊದಲೇ ಫೋನು ಮಾಡಿ ಹೇಳಿದ್ದಕ್ಕೆ ಬಸ್‌ಸ್ಟ್ಯಾಂಡಿಗೇ ಬಂದಿದ್ದ, ತಿರುಪತಿ ಕೊರಳಪಟ್ಟಿಗೆ ಕೈ ಹಾಕಿದಾಗ ಬಿಡಿಸಿಕೊಳ್ಳಲೂ ಇಲ್ಲ, ಹೊಡೀರಿ ಅಣ್ಣ, ಆಮೇಲೆ ಒಂದ್ ಕಿತ ಆ ಜಾಗ ನೋಡ್ಕಂಡು ಹೋಗಿ ಅಂದ, ತನ್ನ ಬೈಕಿನಲ್ಲೇ ಒಬ್ಬೊಬ್ಬರನ್ನಾಗಿ ಕರೆದುಕೊಂಡು ಹೋದ, ಇನ್ನೊಂದು ಬಿಳಿಗಲ್ಲಹಟ್ಟಿ, ಹತ್ತೊಂಬತ್ತು ವರ್ಷ ಕೆಂಪು ಪೆನ್ನಿನಲ್ಲಿ ಬರೆದ ಊರು, ಸ್ಕೂಲು ಇತ್ತು, ಗುಡಿ ಇತ್ತು, ಅದೇ ಹಳದಿ ಬಣ್ಣದ ಆರೋಗ್ಯ ಕೇಂದ್ರ, ಇಲ್ಲೇ ಕಣಕ್ಕ, ಒಂದೂವರೆ ಗಂಟೆ ಇಲ್ಲೇ ಇದ್ದೆ, ನೀವು ಪೋನ್ ಮಡಗಿದ ಮೇಲೂ ಇದ್ದೆ, ಯಾರಾನ ಓಡಿ ಬರ್ತಾರೇನೋ ಅಂತ, ತಲುಪಿದ ತಕ್ಷಣ ನಾವು ಒಂದು ಫೋಟೋ ತೆಗೆದು ಕಳುಸ್ಬೇಕು, ರೂಲ್ಸು, ನೋಡಿ — ಮೊಬೈಲು ಚಾಚಿದ, ಬಿಸಿಲಿನ ಅಂಗಳದ ನಡುವೆ ಇಳಿಸಿಟ್ಟ ಸ್ಟ್ರೆಚರು, ಸುಕ್ಕಿಲ್ಲದೆ ಹಾಸಿದ ಬಿಳಿ ಬಟ್ಟೆ, ಒಂದು ದಿಂಬು, ಎರಡೂ ಬದಿಗೆ ಬಿಚ್ಚಿಟ್ಟ ಬೆಲ್ಟುಗಳು, ಮಲಗಲಿಕ್ಕೆ ಯಾರೂ ಇಲ್ಲ. ಕೆಳಗೆ ಹಳದಿ ಅಕ್ಷರದಲ್ಲಿ ಸಮಯ, ತಾರೀಖು, ಹೆಗ್ಗುರುತು ಬಿಳಿಗಲ್ಲಹಟ್ಟಿ ಉಪ ಆರೋಗ್ಯ ಕೇಂದ್ರ, 515301, ತಿರುಪತಿ ಆ ನಂಬರಿನ ಮೇಲೆ ಬೆರಳಿಟ್ಟು ಇದನ್ನ ಯಾರ್ ಹಾಕಿದ್ರು ಸಣ್ಣವ್ವ, ನೀನು ಟಪಾಲಿನಾಕಿ, ನಿನಗ ಗೊತ್ತಿರಬೇಕಲ್ಲ ಅಂದ, ಗೊತ್ತಿಲ್ಲಪ್ಪ ಅಂದಳು, ನಾಲಿಗೆ ಎಷ್ಟು ಸಲೀಸಾಗಿ ಅಂದುಬಿಟ್ಟಿತು, ಗೊತ್ತಿಲ್ಲಪ್ಪ.

ಗೊತ್ತಿತ್ತು. ಇದೇ ಸಭಾಂಗಣ, ಹೋದ ಬೇಸಿಗೆ, ಇದೇ ಚಂದ್ರಮೋಹನ್, ಪಟ್ಟಿಯ ಮೊದಲ ಸುತ್ತು, ಒಂದೊಂದು ಊರಿನ ಪೋಸ್ಟ್‌ಮಾಸ್ಟರೂ ತನ್ನ ಊರಿನ ಸಾಲು ನೋಡಿ ಪಿನ್ನು ಸರಿಯಾಗಿದೆ ಅಂತ ಸಹಿ ಹಾಕಬೇಕು, ಎಲ್ಲರೂ ಹಾಕಿ ಎದ್ದಿದ್ದರು, ಅವಳೊಬ್ಬಳೇ ಕೂತಿದ್ದಳು, ಸಾರ್, ಈ ಪಿನ್ನು ತಪ್ಪೈತ್ರಿ, ಇದು ಮಡಕಶಿರಾದ್ದು, ಅವನು ಕಾಗದ ನೋಡಲೂ ಇಲ್ಲ, ಕಂಪ್ಯೂಟರ್ ತೆಗೆದದ್ದಮ್ಮ, ನಾವು ಬರೆದದ್ದಲ್ಲ, ಆಮೇಲೆ ಸರಿ ಮಾಡ್ತೀವಿ, ಸಂತಕಂ ಪೆಟ್ಟಂಡಿ, ಸಹಿ ಹಾಕಿ, ಅವಳು ಪೆನ್ನು ಎತ್ತದೆ ಇದ್ದಾಗ ಮೈಕಿನಲ್ಲೇ ಅಂದ, ಇಡೀ ಮಂಡಲದಲ್ಲಿ ಈ ಮೇಡಂ ಒಬ್ಬರೇ ಕರೆಕ್ಟು ನೋಡಿ, ನಾವೆಲ್ಲ ರಾಂಗು, ಸಭೆ ನಕ್ಕಿತು, ನಗು ದೊಡ್ಡದೇನಲ್ಲ, ಊಟದ ಹೊತ್ತಿನ ನಗು, ಆ ನಗುವಿಗೆ ಅವಳ ಕಿವಿ ಬಿಸಿಯಾಯಿತು, ಹಾಕಿದಳು, ಅಂಬಮ್ಮ, ಬಿ.ಪಿ.ಎಂ., ತಾರೀಖು, ಕೆಳಗೆ ಗೆರೆ ಕೂಡ ಎಳೆದಳು. ಯಾರೂ ಬಡಿಯಲಿಲ್ಲ, ಹೆದರಿಸಲಿಲ್ಲ, ನಕ್ಕರು, ಅಷ್ಟಕ್ಕೇ, ರಂಗಕ್ಕನ ಎರಡು ಭಾಷೆ, ಬಲಗೈ, ಸಂತೆ, ಜಗಳ, ಎಲ್ಲವೂ ಅಷ್ಟಕ್ಕೇ, ಫೋನಿನ ಆ ಹುಡುಗಿಯನ್ನು ಬೈದಳು, ಹನುಮೇಶನನ್ನು ಬೈದಳು, ಚಂದ್ರಮೋಹನನಿಗೆ ಎಂಟು ತಿಂಗಳು ಮನಸ್ಸಿನಲ್ಲೇ ಮಣ್ಣು ತೂರಿದಳು, ನಾಲ್ಕು ಅರ್ಜಿಯಲ್ಲೂ ಯಾರೋ ತಪ್ಪಾಗಿ ನಮೂದಿಸಿರುತ್ತಾರೆ ಅಂತ ಬರೆದಳು, ಯಾರೋ, ಥೂ, ಯಾರೋ ಅಂತೆ — ಬಿಳಿ ಬಟ್ಟೆ, ದಿಂಬು, ಬಿಚ್ಚಿಟ್ಟ ಬೆಲ್ಟು — ಅಷ್ಟರಲ್ಲಿ ಚಂದ್ರಮೋಹನ್ ಸಾಲಿನಲ್ಲಿ ಬಂದೇಬಿಟ್ಟ, ಅಮ್ಮಾ, ಫೈನಲ್ ಪಟ್ಟಿ, ಫಲಕ ಪ್ರಿಂಟಾಗಿ ಬಂದಿದೆ, ಇಲ್ಲೊಂದು ಸಹಿ.

ಹಾಕಾಂಗಿಲ್ರಿ, ಅಂದಳು. ಅವನು ನಕ್ಕ, ಅದೇ ನಗು, ಮೇಡಂಗೆ ಮತ್ತೆ ಅನುಮಾನ ಬಂತು ಅಂದ, ಪಕ್ಕದವರು ನಗಲಿಕ್ಕೆ ಮುಖ ತಿರುಗಿಸಿದರು, ಅಂಬಮ್ಮ ಎದ್ದು ನಿಂತಳು, ಕುರ್ಚಿ ಹಿಂದಕ್ಕೆ ಬಿತ್ತು, ನಗ್ರಿ ಸಾರ್, ಹೋದ ಸಲ ನೀವು ನಕ್ಕಾಗ ನಾನು ಸೈನ್ ಹಾಕಿದೆ, ತಪ್ಪೈತಿ ಅಂತ ಕಣ್ಣಾರೆ ನೋಡಿ ಹಾಕಿದೆ, ಮುಂದ ಏನಾತು ಗೊತ್ತೇನ್ರಿ, ನಮ್ಮಕ್ಕ ಕಟ್ಟಿ ಮ್ಯಾಲೆ ಬಿದ್ದಿದ್ಳು, ಆಂಬುಲೆನ್ಸು ಮಡಕಶಿರಾದಾಗ ನಿಂತು ಸೈರನ್ ಹೊಡೀತಿತ್ತು, ಈಗ ನಮ್ಮಕ್ಕನ ಬಾಯಾಗ ಒಂದಽ ಮಾತು ಐತಿ, ಬಂದು ಕೇಳ್ರಿ, ಕೇಳಿ ಅಲ್ಲಿ ನಗ್ರಿ. ಗಂಟಲು ಹರಿಯುವ ಹಾಗೆ ಅಂದಳೋ, ಮೆಲ್ಲಗೆ ಅಂದಳೋ, ಗೊತ್ತಿಲ್ಲ, ಚಂದ್ರಮೋಹನ್ ಅಮ್ಮಾ, ಅದು ನಮ್ಮ ಕೈಲಿಲ್ಲಮ್ಮ, ಮೇಲಿನವರು, ಸರ್ವರು ಅಂತ ಏನೋ ಅಂದ, ಅವಳು ಚೀಲದಿಂದ ಕೆಂಪು ಪೆನ್ನು ತೆಗೆದಳು, 515301ರ ಮೇಲೆ ಒಂದು ಗೀಟು, ಕಾಗದ ಹರಿಯುವಂಥ ಗೀಟು, ಮೇಲೆ 515865, ಅಂಚಿನಲ್ಲಿ ಜಾಗ ಸಾಲದೆ ಅಡ್ಡಡ್ಡ ಬರೆದಳು, ಹಿಂದಿನ ಸಹಿ ನನ್ನದೇ, ತಪ್ಪು ಕಂಡೂ ಹಾಕಿದ್ದೇನೆ, ಅಂಬಮ್ಮ. ಅಯ್ಯೋ ಫೈನಲ್ ಕಾಪಿ ಅಮ್ಮಾ ಇದು, ಸಂಜೆ ಕಳಿಸಬೇಕು, ನಿಮ್ಮ ಮೇಲೆ ರಿಪೋರ್ಟ್ ಹೋಗುತ್ತೆ, ಕೆಲಸಕ್ಕೆ ತೊಂದರೆ ಆಗುತ್ತೆ, ಹೋಗ್ಲಿ ಬಿಡ್ರಿ ಅಂದಳು, ಅವನು ಅವಳ ಮುಖ ನೋಡಿದ, ಸಭೆಯನ್ನು ನೋಡಿದ, ಯಾರೂ ನಗುತ್ತಿರಲಿಲ್ಲ, ಜೇಬಿನಿಂದ ಮೊಬೈಲು ತೆಗೆದ, ಏನೋ ಒತ್ತಿದ, ಮತ್ತೆ ಒತ್ತಿದ, ಹೆಬ್ಬೆರಳು ಇಟ್ಟ, ಅವಳ ಕಡೆ ತಿರುಗಿಸಿದ, ಆಯ್ತಾ, ನೋಡಿಕೊಳ್ಳಿ, ಬಿಳಿಗಲ್ಲಹಟ್ಟಿ, 515865, ಆ ಫಲಕ ಬದಿಗಿಡಿಸ್ತೀನಿ, ಹೊಸದು ಬರುತ್ತೆ. ಎರಡು ನಿಮಿಷ ಹಿಡಿದಿರಬೇಕು. ಇಷ್ಟೇ ಏನ್ರಿ, ಅಂದಳು ಅಂಬಮ್ಮ, ಸಿಟ್ಟು ಎದೆಯಿಂದ ಎದ್ದು ಕಣ್ಣಿಗೆ ಬಂದು ಅಲ್ಲಿ ದಾರಿ ಸಿಗದೆ ನಿಂತಿತು, ಇಷ್ಟೇ ಏನ್ರಿ ಇದು, ಎರಡು ನಿಮಿಷದ್ದು, ಅವತ್ತು ಊಟಕ್ಕೆ ಏಳೋ ಮುಂಚೆ ಮಾಡಬಹುದಿತ್ತೇನ್ರಿ, ಅವನು ಆಗಲೇ ಮುಂದಿನ ಸಾಲಿಗೆ ಹೋಗಿದ್ದ.

ತಿರುಗಿದರೆ ಬಾಗಿಲಲ್ಲಿ ತಿರುಪತಿ, ಅವಳನ್ನು ಬೈಕಿನಲ್ಲಿ ಕರೆತಂದವನು, ಹೊರಗೆ ನೆರಳಿನಲ್ಲಿ ಕೂತಿರುತ್ತಾನೆ ಅಂದುಕೊಂಡಿದ್ದಳು, ಕೈಯಲ್ಲಿ ಎರಡು ಟೀ ಕಪ್ಪು ಹಿಡಿದು ಒಳಗೇ ಬಂದಿದ್ದಾನೆ, ಎಷ್ಟು ಹೊತ್ತಿನಿಂದ ನಿಂತಿದ್ದಾನೋ, ಟೀ ಮೇಲೆ ಕೆನೆ ಕಟ್ಟಿದೆ, ಸಣ್ಣವ್ವ, ನೀ ನೋಡಿದ್ದೇನು ಆ ನಂಬರು — ನೋಡಿದ್ದೆ — ನೋಡಿನೂ ಹಾಕಿದಿ — ಹಾಕಿದೆನಪ್ಪ — ಮತ್ತ ನನಗ ಅವನ ಕೊಳ್ಳಪಟ್ಟಿ ಯಾಕ ಹಿಡೀಗೊಟ್ಟಿ — ಬೈಯಲಿ, ಬೈದರೆ ಕೇಳಿಸಿಕೊಳ್ಳುತ್ತಾಳೆ, ಹೊಡೆದರೂ ಸರಿ, ತಿರುಪತಿ ಬೈಯಲಿಲ್ಲ, ಎರಡೂ ಕಪ್ಪನ್ನು ಕಿಟಕಿಯ ಕಟ್ಟೆ ಮೇಲೆ ಇಟ್ಟ, ಮೆಟ್ಟಿಲು ಇಳಿದ, ಬೈಕು ಶುರುವಾದ ಸದ್ದು, ಗೇಟು ದಾಟಿದ ಸದ್ದು, ಆಮೇಲೆ ರಸ್ತೆಯ ಬೇರೆ ಸದ್ದುಗಳಲ್ಲಿ ಅದು ಯಾವುದು ಅಂತ ತಿಳಿಯಲಿಲ್ಲ, ಹೋದ, ಹೋಗಲಿ, ಮಧ್ಯಾಹ್ನದ ಬಸ್ಸಿದೆ, ಬಸ್ಸಿನಲ್ಲಿ ಹೋಗಬೇಕು, ಹೋಗಿ ರಂಗಕ್ಕನ ಮುಂದೆ ಕೂತು ಅವಳಿಗೂ ಹೇಳಬೇಕು, ಕೇಳಿ ಅವಳು ಟಗರು ಅನ್ನುತ್ತಾಳೆ, ಅದು ಬೈಗುಳವೋ, ಹೋಗ್ಲಿ ಬಿಡು ಅನ್ನುವುದೋ, ಸಾಯುವ ತನಕ ತಿಳಿಯುವುದಿಲ್ಲ, ಹನುಮೇಶನಿಗೊಂದು ಫೋನು ಮಾಡಬೇಕು, ಏನಂತ ಮಾಡುವುದು, ಈಗ ಸರಿಯಾಯಿತಪ್ಪ ಅಂತಲೇ, ಪಟ್ಟಿಯಲ್ಲಿ ಸರಿಯಾಯಿತು, ಇನ್ನು ಮೇಲೆ ಯಾರು ಕರೆದರೂ ಗಾಡಿ ಸರಿಯಾದ ಊರಿಗೆ ಬರುತ್ತದೆ, ಸರಿಯಾದ ಕಟ್ಟೆಯ ಮುಂದೆ ನಿಲ್ಲುತ್ತದೆ, ಸ್ಟ್ರೆಚರು ಇಳಿಸುತ್ತಾರೆ — ಇಳಿಸಿದರು, ಬಿಸಿಲಿನ ಅಂಗಳದ ನಡುವೆ ಇಳಿಸಿದರು, ಬಟ್ಟೆ ಹಾಸಿದರು, ಕೈಯಿಂದ ಸುಕ್ಕು ತೀಡಿದರು, ದಿಂಬು ಇಟ್ಟರು, ಬೆಲ್ಟುಗಳನ್ನು ಎರಡೂ ಬದಿಗೆ ಬಿಚ್ಚಿದರು — ಬಸ್ಸು ಎಷ್ಟು ಗಂಟೆಗೆ, ಎಷ್ಟು ಗಂಟೆಗೆ ಬಸ್ಸು — ಬಿಳಿ ಬಟ್ಟೆ, ದಿಂಬು, ಬಿಚ್ಚಿದ ಬೆಲ್ಟು, ದಿಂಬಿನ ಮೇಲೆ ತಲೆ ಇಟ್ಟ ಕುಳಿ ಇಲ್ಲ — ಬಿಳಿ ಬಟ್ಟೆ — ಬಿಸಿಲು — ಬಿಳಿ ಬಟ್ಟೆ